ಐದನೆಯ ಖಾನೆ

ದೆವ್ವವನ್ನು ನಂಬುವವನಲ್ಲ ನಾನು. ಕಂಪ್ಯೂಟರ್ ರಿಪೇರಿಯವನಿಗೆ ಮನುಷ್ಯರ ಕಾಟವೇ ಸಾಕು. ಆ ಆಸ್ಪತ್ರೆಯ ಸರ್ವರಿನಲ್ಲಿ ನಾಲ್ಕು ಡಿಸ್ಕುಗಳಿದ್ದವು. ರೋಗಿಗಳ ಪ್ರತಿ ಸ್ಕ್ಯಾನ್ ಚಿತ್ರವನ್ನೂ ತುಂಡು ಮಾಡಿ, ಇಸ್ಪೀಟೆಲೆ ಹಂಚಿದಂತೆ ನಾಲ್ಕಕ್ಕೂ ಹಂಚಿ ಬರೆಯುವ ಏರ್ಪಾಡು. ಎಲ್ಲ ಸರಿಯಿದ್ದೂ ಆಮೆನಡಿಗೆ. ಬೆಳಗಿನಿಂದ ಮೂರು ಸಲ ಸೆಟ್ಟಿಂಗ್ ಬದಲಿಸಿ ನೋಡಿದ್ದೆ.

"ಏನ್ರೀ, ತಲೆಗೆ ಪೆಟ್ಟು ಬಿದ್ದೋರು ಹೊರಗೆ ಮಲಗಿದಾರೆ. ಹನ್ನೆರಡರೊಳಗೆ ಆಗ್ಲಿಲ್ಲ ಅಂದ್ರೆ ಬೇರೆ ಆಸ್ಪತ್ರೆಗೆ ಕಳಿಸ್ತೀನಿ. ದಾರೀಲಿ ಏನಾದ್ರೂ ಆದ್ರೆ ಅವರ ಮನೆಯೋರಿಗೆ ನೀವೇ ಹೇಳಿ," ಎಂದರು ಡಾಕ್ಟರಮ್ಮ.

ನಾಲ್ಕನೆಯ ಸಲ, ಡಿಸ್ಕುಗಳೆಷ್ಟು ಎಂಬಲ್ಲಿ ಕೈತಪ್ಪಿ ಐದು ಎಂದು ಒತ್ತಿಬಿಟ್ಟೆ. ತಿದ್ದುವಷ್ಟರಲ್ಲಿ ಸ್ಕ್ಯಾನುಗಳು ಸರಸರನೆ ಸರ್ವರಿಗೆ ಸೇರತೊಡಗಿದವು. ಡಿಸ್ಕು ಕೂರಿಸುವ ಪೆಟ್ಟಿಗೆಯ ಐದನೆಯ ಖಾನೆ ಖಾಲಿ. ಆದರೂ ಅದರ ಹಸಿರು ದೀಪ ಉಳಿದ ನಾಲ್ಕರ ಜೊತೆ ತಾಳ ತಪ್ಪದೆ ಮಿಟುಕುತ್ತಿತ್ತು. ಬೆರಳಿಟ್ಟೆ. ಬಿಸಿಗಾಳಿ ಉಗುಳುವ ಪೆಟ್ಟಿಗೆಯಲ್ಲಿ ಅದೊಂದು ಮಾತ್ರ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು.

"ಇಷ್ಟಕ್ಕೆ ಬೆಳಗಿನಿಂದ ಬೇಕಿತ್ತಾ?" ಎಂದು ಡಾಕ್ಟರಮ್ಮ ಹೊರಟರು.

ನನಗಿಂತ ಮುಂಚೆ ಆ ಸರ್ವರನ್ನು ನೋಡಿಕೊಂಡು ನಿವೃತ್ತರಾದವರಿಗೆ ಫೋನು ಮಾಡಿ ರೇಗಿದೆ: "ಅಣ್ಣಾ, ಐದನೇ ಡಿಸ್ಕ್ ಏನ್ ಮಾಡಿದ್ರಿ?"

"ಅದು ಸತ್ತೋಗಿತ್ತು ಕಣಯ್ಯ. ಕಿತ್ತು ಮನೆಗೆ ತಂದೆ. ಕಾಗದ ಹಾರದ ಹಾಗೆ ಮೇಲಿಟ್ಕೊಂಡಿದೀನಿ, ಇಲ್ಲೇ ಇದೆ ನೋಡು." ಏನೋ ಠಣ್ಣನೆ ಮೇಜಿಗೆ ಬಿದ್ದ ಸದ್ದು. "ಒಂದು ತಂತೀನೂ ಇಲ್ಲ ಇದಕ್ಕೆ. ಯಾಕಯ್ಯ ಕೈ ಸುಡ್ತಿದೆ?"

ಎರಡು ವರ್ಷವಾಯಿತು. ಐದು ಎಂಬ ಆ ಅಂಕಿಯನ್ನು ನಾನು ತಿದ್ದಿಲ್ಲ. ಅವರ ಮನೆಯ ಬೆಕ್ಕು ಚಳಿಗಾಲದಲ್ಲಿ ಆ ಡಿಸ್ಕಿಗೇ ಒರಗಿ ಮಲಗುತ್ತದಂತೆ. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ರಜೆಯಿದ್ದ ದಿನ ಮಾತ್ರ ಒಲೆಯ ಪಕ್ಕಕ್ಕೆ ಹೋಗುತ್ತದಂತೆ.