ಕರೇಕಲ್ಲ ಗುಡ್ಡದ ಹಸಿರು ನೀರು

ಮರುದಿನ ಬೆಳಿಗ್ಗೆ ಗಣಿಯ ಬಾಯಿಗೆ ಕಾಂಕ್ರೀಟ್ ಸುರಿದು ಮುಚ್ಚಬೇಕೆಂದು ಆದೇಶವಾಗಿತ್ತು. ಹುಮಾಳ ತಂಡಕ್ಕೆ ಉಳಿದದ್ದು ಅದಕ್ಕೆ ಮುಂಚಿನ ಒಂದೇ ಹಗಲು.

ಬ್ಯಾಡಗಿಯಿಂದ ಹೊರಟ ಜೀಪು ಕರೇಕಲ್ಲ ಗುಡ್ಡದ ಬುಡ ಮುಟ್ಟಿದಾಗ ಒಂಬತ್ತು ಗಂಟೆ. ಆಷಾಢದ ಮೋಡ ಗುಡ್ಡದ ನೆತ್ತಿಯನ್ನು ನುಂಗಿತ್ತು. ಕೆಳಗೆ ಗೋವಿನಜೋಳದ ಎಳೆ ಪೈರು ಗಾಳಿಗೆ ಒಂದೇ ಕಡೆ ವಾಲಿ ನಿಂತಿತ್ತು. ಜಾಲಿಗಿಡಗಳ ಮರೆಯಲ್ಲಿ, ಚಿನ್ನಕ್ಕಾಗಿ ತೋಡಿ ನಲವತ್ತು ವರ್ಷದ ಹಿಂದೆ ಕೈಬಿಟ್ಟ ಸುರಂಗ ಕಪ್ಪಗೆ ಬಾಯಿ ತೆರೆದಿತ್ತು.

ಹುಮಾ ರಾಣೆಬೆನ್ನೂರಿನವಳು, ಭೂವಿಜ್ಞಾನಿ. ಅಣುವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ವಿಕಿರಣದ ಕಸವನ್ನು ಸಾವಿರಾರು ವರ್ಷ ನೆಲದಾಳದಲ್ಲಿ ಹುಗಿದಿಡಬೇಕೆಂದರೆ ನೀರು ಸುಳಿಯದ ಬಂಡೆ ಬೇಕು. ಅಂಥ ಬಂಡೆ ಹುಡುಕುತ್ತ ಆರು ವರ್ಷ ಕಳೆದಿದ್ದಳು. ಕಲ್ಲಿದ್ದಲಿನ ಹೊಗೆ ತಗ್ಗಬೇಕಾದರೆ ಅಣುವಿದ್ಯುತ್ ಬೇಕೆಂದು ನಂಬಿದ್ದಳು. ಕಸಕ್ಕೊಂದು ಜಾಗ ಸಿಗದೆ ಅದಕ್ಕೆ ಮುಂದಿನ ದಾರಿಯಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಈ ಗುಡ್ಡದ ಬಂಡೆ ಒಣಗಿದೆ, ಯೋಗ್ಯವಾಗಿದೆ ಎಂದು ವರದಿ ಬರೆದವಳೂ ಅವಳೇ. ಆದರೂ ಒಳಗೊಂದು ಅನುಮಾನ ಉಳಿದಿತ್ತು. ಅದಕ್ಕೇ ನಲವತ್ತು ದಿನದ ಹಿಂದೆ ಗುಡ್ಡದ ಮೇಲಿನ ಕೊಳವೆಬಾವಿಗೆ, ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುವ ಬಣ್ಣದ ನೀರು ಸುರಿದಿದ್ದಳು. ಬಂಡೆಯಲ್ಲಿ ಬಿರುಕಿಲ್ಲದಿದ್ದರೆ ಅದು ಗಣಿಯ ತಳಕ್ಕೆ ಇಳಿಯಲಾರದು. ಇಳಿದಿದೆಯೋ ಇಲ್ಲವೋ ನೋಡಿಬರಬೇಕಿತ್ತು.

ಜೊತೆಗೆ ಇಬ್ಬರು. ಕೊಳವೆಬಾವಿ ಕೊರೆಯುವ ಕಲ್ಲೇಶ. ಹಗ್ಗದ ಕೆಲಸವೆಲ್ಲ ಅವನದು. ದಾರಿ ತೋರಿಸಲು ಗುಡದಪ್ಪ. ಹರೆಯದಲ್ಲಿ ಇದೇ ಗಣಿಯಲ್ಲಿ ದುಡಿದವನು, ಈಗ ಅರವತ್ತೈದು ದಾಟಿದವನು.

"ಲಗೂ ಹೋಗಿ ಲಗೂ ಬರೂಣು, ಯವ್ವಾ. ತಳದಾಗ ಗಾಳಿ ಛಲೋ ಇರೂದಿಲ್ಲ," ಎಂದ ಗುಡದಪ್ಪ.

ಮುನ್ನೂರು ಹೆಜ್ಜೆ ಬಗ್ಗಿ ನಡೆದರು. ಬಾವಲಿಗಳು ತಲೆಯ ಮೇಲೆ ರಪರಪನೆ ಹಾರಿದವು. ಸುರಂಗ ಮುಗಿದಲ್ಲಿ ಬಾವಿಯಂಥ ಗುಂಡಿ. ಕಲ್ಲೇಶ ಬಂಡೆಗೆ ಮೊಳೆ ಜಡಿದು, ಗಡಗಡಿ ಕಟ್ಟಿ ಹಗ್ಗ ಇಳಿಬಿಟ್ಟ. ಒಬ್ಬೊಬ್ಬರಾಗಿ ನಲವತ್ತು ಅಡಿ ಇಳಿದರು.

ಕೆಳಗಿನ ಸುರಂಗದ ಕೊನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಹುಮಾ ಮೂರು ಗಾಜಿನ ಬಾಟಲಿ ತುಂಬಿಸಿ, ಒಂದಕ್ಕೆ ಬ್ಯಾಟರಿಯ ನೀಲಿ ಬೆಳಕು ಹಿಡಿದಳು. ನೀರು ಹಸಿರಾಗಿ ಹೊಳೆಯಿತು.

"ಇದು ನಾವು ಹಾಕಿದ ಬಣ್ಣ ಅಲ್ಲೇನ್ರಿ ಮೇಡಂ?" ಕಲ್ಲೇಶನ ದನಿ ಸಣ್ಣದಾಯಿತು.

"ಹೌದು. ನಲವತ್ತ ದಿನದಾಗ ಇಲ್ಲಿಗೆ ಬಂದೈತಿ."

ಆರು ವರ್ಷದ ಕೆಲಸ ಅವಳ ಅಂಗೈಯಲ್ಲಿ ಹಸಿರಾಗಿ ಅಲುಗುತ್ತಿತ್ತು. ಅಷ್ಟರಲ್ಲಿ ಸೊಂಟದಲ್ಲಿದ್ದ ಗಾಳಿ ಅಳೆಯುವ ಯಂತ್ರ, ಗಾಳಿ ಕೆಟ್ಟಿತೆಂದು ಕೀಚ್ ಎಂದು ಕೂಗಿತು.

"ಹಿಂದಕ್ಕ ನಡೀರಿ!" ಎನ್ನುತ್ತ ಹುಮಾ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡಳು.

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ. ಮೇಲಿನ ಕಲ್ಲಿಗೆ ಆಸರೆಯಾಗಿದ್ದ ಹಳೆಯ ಮರದ ಆನಿಕೆಯೊಂದು ಲಟಕ್ಕನೆ ಮುರಿಯಿತು.

ಮೇಲಿನ ಕಲ್ಲು ಕುಸಿಯಿತು.

ಹುಮಾ ಮುಗ್ಗರಿಸಿದಳು. ಚೀಲದಲ್ಲಿ ಗಾಜು ಒಡೆದ ಸದ್ದು. ಧೂಳಿನೊಳಗಿಂದ ಗುಡದಪ್ಪ ಚೀರಿದ. ಅವನ ಎಡಗಾಲು ಚಪ್ಪಡಿಯಡಿ ಸಿಕ್ಕಿತ್ತು.

ಕಲ್ಲೇಶ ತಾನು ತಂದಿದ್ದ ಕಬ್ಬಿಣದ ಹಾರೆಯನ್ನು ಚಪ್ಪಡಿಯಡಿ ತೂರಿಸಿ ಮೈಭಾರವನ್ನೆಲ್ಲ ಹಾಕಿದ. ಕಲ್ಲು ನಾಲ್ಕು ಬೆರಳು ಎದ್ದಿತು. ಹುಮಾ ಚೀಲ ಬಿಸುಟು, ಮುದುಕನ ಕಂಕುಳಿಗೆ ಕೈಹಾಕಿ ಎಳೆದಳು. ಕಾಲು ಹೊರಬಂತು; ಪಾದ ಅಡ್ಡ ತಿರುಗಿತ್ತು.

"ನನ್ನ ಬಿಟ್ಟ ಹೋಗ್ರಿ. ಈ ಗಾಳಿಯೊಳಗ ಮೂರೂ ಮಂದಿ ಸಾಯ್ತೇವಿ."

"ಸುಮ್ನಿರ ಕಾಕಾ!" ಎಂದಳು ಹುಮಾ. "ಕಲ್ಲೇಶ, ನೀ ಮೊದಲ ಹತ್ತು. ಮ್ಯಾಲಿಂದ ಎಳಿ."

ಕಲ್ಲೇಶ ಹತ್ತಿದ. ಹುಮಾ ಗುಡದಪ್ಪನ ಸೊಂಟಕ್ಕೂ ತೊಡೆಗೂ ಹಗ್ಗ ಬಿಗಿದಳು. ಗಡಗಡಿ ಕಿರುಗುಟ್ಟಿತು. ಅಡಿ ಅಡಿಯಾಗಿ ಅವನ ದೇಹ ಮೇಲೇರಿತು. ಅವಳಿಗೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು.

ಹಗ್ಗ ಮರಳಿ ಬಂತು. ಅವಳು ಅದನ್ನು ಕಟ್ಟಿಕೊಂಡು ಹಿಂದಕ್ಕೆ ತಿರುಗಿದಳು.

"ಎಲ್ಲಿ ಹೊಂಟೀರಿ? ಬಾಟ್ಲಿ ಬಿಡ್ರಿ ಮೇಡಂ!" ಮೇಲಿಂದ ಕಲ್ಲೇಶ ಕೂಗಿದ.

ಬಿಡಲಿಲ್ಲ. ತೆವಳಿ ಹೋಗಿ ಚೀಲ ತಡಕಿದಳು. ಗಾಜು ಬೆರಳು ಕುಯ್ದಿತು. ಒಂದು ಬಾಟಲಿ ಉಳಿದಿತ್ತು. ಅದನ್ನು ಅಂಗಿಯೊಳಗೆ ತೂರಿಸಿಕೊಂಡು ಹಗ್ಗ ಜಗ್ಗಿದಳು.

ಇಬ್ಬರೂ ಗುಡದಪ್ಪನನ್ನು ಎತ್ತಿಕೊಂಡು ಸುರಂಗದ ಹೊರಗೆ ಬಂದಾಗ ಜಿಟಿಜಿಟಿ ಮಳೆ. ಮೂವರೂ ಕೆಸರಿನಲ್ಲೇ ಬಿದ್ದು ಬಾಯಿ ತೆರೆದು ಗಾಳಿ ಕುಡಿದರು.

ಆ ಸಂಜೆ ಹಾವೇರಿ ಆಸ್ಪತ್ರೆಯ ವೆರಾಂಡಾದಿಂದ ಹುಮಾ ತನ್ನ ಬೆಂಗಳೂರು ಕಚೇರಿಯ ಮುಖ್ಯಸ್ಥರಿಗೆ ಫೋನ್ ಮಾಡಿದಳು.

"ಒಂದು ಬಾಟಲಿ ನೀರಿಗೋಸ್ಕರ ಇಡೀ ಗುಡ್ಡ ಕೈಬಿಡೋದಾ?"

"ಬಿಡಬೇಕು ಸರ್. ಬಣ್ಣ ಸುರಿದಾಕಿನೂ ನಾನ, ನೀರು ಹಿಡಿದಾಕಿನೂ ನಾನ. ನನ್ನ ವರದಿ ವಾಪಸ್ ತಗೋತೀನಿ."

ಆ ಕಡೆ ಹಾಳೆ ಮಗುಚಿದ ಸದ್ದು. "ಸರಿ. ಸೋಮವಾರ ಬನ್ನಿ. ಮತ್ತೊಂದು ಗುಡ್ಡ ನೋಡೋಣ," ಎಂದು ಫೋನಿಟ್ಟರು.

ಗುಡದಪ್ಪನ ಕಾಲಿಗೆ ಪಟ್ಟಿ ಬಿದ್ದಿತ್ತು. ಪಾದ ಉಳಿಯುತ್ತದೆ, ಕುಂಟು ತಪ್ಪದು ಎಂದಿದ್ದರು ಡಾಕ್ಟರು.

"ನಮ್ಮ ಗುಡ್ಡ ಪಾಸಾತೇನ ಯವ್ವಾ?"

"ಇಲ್ಲ ಕಾಕಾ. ಫೇಲಾತು."

"ಹಂಗಾರ ಆ ಕಸ ಎಲ್ಲಿ ಇಡ್ತೀರಿ?"

"ಗೊತ್ತಿಲ್ಲ. ಇನ್ನೂ ಹುಡುಕಬೇಕು."

"ಇನ್ನೊಬ್ಬರ ಗುಡ್ಡದಾಗ?"

ಹುಮಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಕಲ್ಲೇಶ ಮೂರು ಕಪ್ ಚಹಾ ತಂದ.

ಗುಡದಪ್ಪ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಇಬ್ಬರ ಮುಖ ನೋಡಿದ. "ನಾ ಗಣಿಯೊಳಗ ಇದ್ದಾಗ, ಸಂಜೀಕ ಹೊರಗ ಬಂದವರ ತಲಿ ಎಣಿಸ್ತಿದ್ರು," ಎಂದ. "ಎಷ್ಟೋ ದಿನ ಲೆಕ್ಕ ಕೂಡ್ತಿದ್ದಿಲ್ಲ. ಇವತ್ತ ಮೂರಕ್ಕ ಮೂರು ಕೂಡೇತಿ, ಯವ್ವಾ. ಚಹಾ ಕುಡಿ."