ಬಿತ್ತಬಾರದ ಹೊಲ

ಮಾವನ ಅಂಗಿಯನ್ನು ನೆನೆಹಾಕುವ ಮುಂಚೆ ಸೊಸೆ ಜೇಬು ತಡಕಿದಳು. ಕೈಗೆ ಸಿಕ್ಕಿದ್ದು ಒಂದು ಹಿಡಿ ಬಿತ್ತನೆ ಗೋಧಿ. ಮುಚ್ಚಿಡೋಣವೆಂದು ತಿರುಗಿದರೆ ಗಂಡ ಹಿಂದೆಯೇ ನಿಂತಿದ್ದ.

"ಎಲ್ಲಿ ಬಿತ್ತಿದಾರೆ?"

ಸವೆದ ನೆಲಕ್ಕೆ ಕೆಲವು ವರ್ಷ ವಿಶ್ರಾಂತಿ ಕೊಡಿ, ಏನನ್ನೂ ಬೆಳೆಯಬೇಡಿ, ನಾವು ಹಣ ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಮಗ ಒಪ್ಪಿ ಸಹಿ ಹಾಕಿದ್ದ. ಈಗ ಮನೆ ನಡೆಯುತ್ತಿದ್ದುದೇ ಆ ಸಹಾಯಧನದಲ್ಲಿ. ಮನೆಯವರೇ ಬಿತ್ತಿದ್ದು ಗೊತ್ತಾದರೆ ಇದುವರೆಗೆ ಪಡೆದದ್ದನ್ನೆಲ್ಲ ವಾಪಸು ಕಟ್ಟಬೇಕು, ಅಂದರೆ ಮನೆಯನ್ನೇ ಮಾರಬೇಕು. ಇದನ್ನು ಮುದುಕರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ. ಹೌದು, ಜೀವಮಾನವಿಡೀ ಉತ್ತು ಬಿತ್ತಿದವರನ್ನು ಹಿಡಿದು, ಸುಮ್ಮನೆ ಕೂತಿರು, ಅದಕ್ಕೇ ಕೂಲಿ ಎಂದರೆ ಯಾವ ಕೈ ಕೇಳೀತು... ತಪಾಸಣೆಯ ಅಧಿಕಾರಿ ಅಂದೇ ಬರುವವರಿದ್ದರು.

ಗಂಡ ಹೆಂಡತಿ ಹೊಲಕ್ಕೆ ಓಡಿದರು. ಬೇಲಿಯ ಮರೆಯಲ್ಲಿ ಚಾಪೆಯಷ್ಟಗಲ ಹಸಿರು ಮೊಳೆತಿತ್ತು. ಮುದುಕರು ಪಕ್ಕದಲ್ಲಿ ಕೂತು ಕಳೆ ಕೀಳುತ್ತಿದ್ದರು.

"ಅಪ್ಪಾ, ನಮ್ಮನ್ನ ಬೀದಿಗೆ ತರಬೇಕು ಅಂತಲೇ ಮಾಡಿದ್ಯಾ?"

"ನೆಲಕ್ಕೆ ಜೀವ ಬಂತಾ ನೋಡೋಣ ಅಂತ... ಇಷ್ಟೇ ಇಷ್ಟು ಹಾಕಿದೆ ಕಣೋ."

ಮಗ ಅದನ್ನು ಅಗೆದುಹಾಕಲು ಸಲಿಕೆ ಎತ್ತುವಷ್ಟರಲ್ಲಿ ಬೇಲಿಯಾಚೆ ಜೀಪು ನಿಂತಿತು. ಅಧಿಕಾರಿ ಇಳಿದು ಬಂದು ಹಸಿರನ್ನು ನೋಡಿದರು, ಮುದುಕರನ್ನು ನೋಡಿದರು.

"ಇವರು ನಿಮ್ಮ ಮನೆಯವರಾ? ಹಾಗಿದ್ರೆ ನಾನು ವರದಿ ಮಾಡಲೇಬೇಕಾಗುತ್ತೆ."

ಮಗ ತುಟಿ ಒದ್ದೆ ಮಾಡಿಕೊಂಡ. ಅಲ್ಲವೆನ್ನಬೇಡಿ ಎಂದು ಸೊಸೆ ಕಣ್ಣಿನಲ್ಲೇ ಕೇಳಿಕೊಂಡಳು.

"ಅಲ್ಲ ಸಾರ್. ಯಾರೋ... ಊರೂರು ತಿರುಗೋ ಮುದುಕ. ಎಷ್ಟು ಓಡಿಸಿದ್ರೂ ಬರ್ತಾನೆ."

ಹೆತ್ತ ಮಗನ ಬಾಯಲ್ಲಿ ಇಂಥ ಮಾತು... ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುದುಕರು ಮಾತ್ರ ಮೆಲ್ಲಗೆ ಎದ್ದು ಮಂಡಿಯ ಮಣ್ಣು ಕೊಡವಿದರು.

"ಹೌದು ಸ್ವಾಮಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ."

ಅಧಿಕಾರಿ ತಂದೆಯ ಮುಖವನ್ನೂ ಮಗನ ಮುಖವನ್ನೂ ಬಹಳ ಹೊತ್ತು ನೋಡಿದರು. ಒಂದೇ ಮೂಗು, ಒಂದೇ ಹಣೆ.

"ಸರಿ, ಇದನ್ನ ಕಿತ್ತು ಹಾಕಿ. ಇನ್ಮೇಲೆ ಹೇಳದೆ ಕೇಳದೆ ಬರ್ತೀವಿ. ಮನೆಗೂ ಬರ್ತೀವಿ."

ಮನೆ ಸೇರಿದೊಡನೆ ಮುದುಕರು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. ಸೊಸೆ ಅಡ್ಡ ನಿಂತಳು.

"ಎಲ್ಲಿಗೆ ಮಾವ? ಹೆದರಿ ಅಂದುಬಿಟ್ರು ಇವರು. ಮನಸ್ಸಿಗೆ ಹಚ್ಕೋಬೇಡಿ."

"ಸಿಟ್ಟಿಲ್ಲಮ್ಮ. ಆ ಅಧಿಕಾರಿ ಬಂದಾಗ ನಾನು ಒಳಗಿದ್ರೆ ಇವನ ಮಾತು ಸುಳ್ಳಾಗುತ್ತೆ. ನಿಮ್ಮ ಸೂರು ಹೋಗುತ್ತೆ. ಮಗಳ ಮನೇಲಿ ಇದ್ದುಬಿಡ್ತೀನಿ."

"ರೀ, ಒಂದು ಮಾತು ಹೇಳ್ರೀ... ತಡೀರಿ ಅವರನ್ನ."

ಗಂಡ ಕಿಟಕಿಯತ್ತ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಅದುರುತ್ತಿತ್ತು. ಅತ್ತನೇನೋ ನಿಜ, ತಡೆಯಲಿಲ್ಲ.

ಮುದುಕರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಕಣ್ಣೊರೆಸಿಕೊಂಡು ಒಳಗೆ ಬಂದಾಗ ಗಂಡ ಸ್ಟೂಲು ಹತ್ತಿದ್ದ. ಪುಟ್ಟ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ನಗುತ್ತಿದ್ದ ಹಳೆಯ ಫೋಟೋವನ್ನು ಗೋಡೆಯಿಂದ ಇಳಿಸುತ್ತಿದ್ದ.

"ಮನೆಗೂ ಬರ್ತೀವಿ ಅಂದಿದಾರಲ್ಲ," ಎಂದ, ಅವಳತ್ತ ನೋಡದೆ. "ಮೊಳೆನೂ ಕೀಳ್ಬೇಕು. ಇಕ್ಕಳ ಕೊಡು."