ಕೂಸಿನ ಕೈಯ ಸೀಸ

ಆ ಬೆಳಗ್ಗೆ ರೋಮಿನ ಹೊರಬಯಲಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಗಾಳಿಯ ಸುಳಿವಿಲ್ಲ. ಆಪ್ಪಿಯಾ ಹೆದ್ದಾರಿಯ ಕರಿಗಲ್ಲುಗಳು ಒದ್ದೆಯಾಗಿ ಮೀನಿನ ಬೆನ್ನಿನಂತೆ ಮಿನುಗುತ್ತಿದ್ದವು. ಎರಡೂ ಬದಿಯ ಹಳೆಯ ಸಮಾಧಿಗಳು ಸೊಂಟದವರೆಗೆ ಮಂಜಿನಲ್ಲಿ ಮುಳುಗಿ, ಯಾರನ್ನೋ ಕಾಯುತ್ತ ನಿಂತವರಂತೆ ಕಾಣುತ್ತಿದ್ದವು. ನೆನೆದ ಕುರಿಯುಣ್ಣೆಯ ವಾಸನೆ, ಸೌದೆಹೊಗೆ, ಕೊಳೆತ ಅಂಜೂರದೆಲೆ.

“ಅದನ್ನ ಎಲ್ಲಿಂದ ತೆಗೆದ್ಯೋ ಅಲ್ಲೇ ಇಟ್ಟು ಬಾ, ಮೇಸ್ತ್ರೀ,” ಎಂದಳು ಪೆತ್ರೊನಿಲ್ಲಾ ಅಜ್ಜಿ.

ಅಜ್ಜಿ ಆಡು ಕಾಯುವವಳು. ರಸ್ತೆಯ ಪಕ್ಕದ ಒಂದು ಸಮಾಧಿಯೇ ಅವಳ ಮನೆ. ಅವಳ ಅತ್ತೆಯೂ, ಅತ್ತೆಯ ಅತ್ತೆಯೂ ಅಲ್ಲೇ ಒಲೆ ಹಚ್ಚಿದವರು. ಮೇಸ್ತ್ರಿ ಎಂದರೆ ವೆತ್ತೋರೆ. ಬಡಗಣ ದೂರದ ಬಸ್ಸಾನೊ ಊರಿನ ಅಚ್ಚುಚಿತ್ರಗಾರ. ಈ ರಸ್ತೆಯನ್ನೂ ಅದರ ಸಮಾಧಿಗಳನ್ನೂ ತಾಮ್ರದ ತಗಡಿನಲ್ಲಿ ಕೊರೆದು, ಹನ್ನೆರಡು ಚಿತ್ರ ಅಚ್ಚುಹಾಕಲು ಮೂರು ತಿಂಗಳ ಹಿಂದೆ ಬಂದಿದ್ದ. ಈಗಷ್ಟೇ ಒಂದು ಸಮಾಧಿಯ ಒಳಗಿಂದ ಬಗ್ಗಿ ಹೊರಬಂದಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಸೀಸದ ತಗಡು. ಅದರ ನಡುವೆ ಒಂದು ತುಕ್ಕು ಹಿಡಿದ ಮೊಳೆ.

“ಯಾಕಜ್ಜಿ, ನಿನ್ನ ಮದುವೇಲಿ ಕೊಟ್ಟಿದ್ದಾ ಇದು?”

“ನಗು, ನಗು. ಒಳಗೆ ಗೋಡೆ ಗೂಡಲ್ಲಿ ಕೂಸಿತ್ತಲ್ಲ, ಅದರ ಕೈಯಲ್ಲಿತ್ತು ತಾನೆ?”

“ನಾಲ್ಕು ಮೂಳೆ, ಒಂದು ಹಿಡಿ ಧೂಳು. ಅದನ್ನ ಕೈ ಅಂತಾರಾ?”

“ಅದು ಕಾಗದ ಕಣಪ್ಪ. ಬದುಕಿದ್ದೋರು ಪಾತಾಳಕ್ಕೆ ಬರೆದ ಕಾಗದ. ಹೊತ್ತಿಗೆ ಮುಂಚೆ ಸತ್ತೋರ ಕೈಲಿ ಕೊಟ್ಟು ಕಳಿಸ್ತಿದ್ರು. ಯಾರೂ ಬಿಚ್ಚಬಾರದು ಅಂತ ಮೊಳೆ ಹೊಡೀತಿದ್ರು. ನನ್ನ ಆಡುಗಳು ಸಹ ಆ ಬಾಗಿಲಲ್ಲಿ ಹುಲ್ಲು ಮುಟ್ಟಲ್ಲ.”

“ಸಾವಿರದ ಆರುನೂರು ವರ್ಷ ಆದ್ರೂ ತಲುಪಿಸಿಲ್ಲ. ಒಳ್ಳೇ ಅಂಚೆಯವನನ್ನ ಹಿಡಿದಿದ್ದಾರೆ ಬಿಡು!”

ಅಜ್ಜಿ ನಗಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಡುಗಳನ್ನು ಹೊಡೆದುಕೊಂಡು ಮಂಜಿನೊಳಗೆ ಕರಗಿಹೋದಳು.

ವೆತ್ತೋರೆಯ ಬಾಡಿಗೆ ಕೋಣೆ ಊರಬಾಗಿಲ ಹತ್ತಿರವಿತ್ತು. ಅಲ್ಲಿ ಅವನ ಹೆಂಡತಿ ಪಾಸ್ಕುವಾ ಅಚ್ಚಿನ ಯಂತ್ರದ ಚಕ್ರ ತಿರುಗಿಸುತ್ತಿದ್ದಳು. ಅವಳು ಕನ್ಯಾಸ್ತ್ರೀಯರ ಮಠದಲ್ಲಿ ಬೆಳೆದ ಅನಾಥೆ. ಓದು, ಲ್ಯಾಟಿನ್, ಹಾಡು ಎಲ್ಲ ಅಲ್ಲಿಯೇ ಕಲಿತದ್ದು. ಹೋದ ವಸಂತದಲ್ಲಿ ಅವರ ನಾಲ್ಕು ತಿಂಗಳ ಹೆಣ್ಣುಕೂಸು ಒಂದು ಮುಂಜಾನೆ ಹಾಸಿಗೆಯಲ್ಲಿ ತಣ್ಣಗೆ ಸಿಕ್ಕಿತ್ತು. ಅದಾದ ಮೇಲೆ ಪಾಸ್ಕುವಾ ಮಾತು ಕಡಿಮೆ ಮಾಡಿದಳು. ಆದರೆ ಭಾನುವಾರ ಸಂಜೆಯ ಪ್ರಾರ್ಥನೆಗೆ ಇಗರ್ಜಿಯಲ್ಲಿ ಹಾಡುತ್ತಿದ್ದಳು. ಆ ಒಂದು ಗಂಟೆಯ ಹಾಡಿನ ಬಲದಲ್ಲಿ ವಾರವಿಡೀ ಬದುಕುತ್ತಿದ್ದಳು. ಇದು ವೆತ್ತೋರೆಗೆ ಗೊತ್ತಿತ್ತು. ದನಿಯೊಂದು ಉಳಿದರೆ ಇವಳೂ ಉಳಿದಾಳು ಎಂದು ಅವನು ದೇವರಲ್ಲಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಇಕ್ಕಳದಿಂದ ಮೊಳೆ ಕಿತ್ತ. ಹಳೆಯ ಬಾವಿಯ ಮುಚ್ಚಳ ತೆಗೆದಂಥ ವಾಸನೆ ಎದ್ದು ಕೋಣೆ ತುಂಬಿತು. ಸೀಸದ ತಗಡು ತಾನಾಗಿಯೇ ಎಂಬಂತೆ ಮೆತ್ತಗೆ ಬಿಚ್ಚಿಕೊಂಡಿತು. ಒಳಗೆ ಒತ್ತೊತ್ತಾಗಿ ಕೊರೆದ ಅಕ್ಷರಗಳು, ಎಲ್ಲವೂ ತಿರುಗುಮುರುಗು.

ತಾಮ್ರದಲ್ಲಿ ಕೊರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಆದ್ದರಿಂದ ಅಚ್ಚಿನವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯುತ್ತಾರೆ. ಈ ಸೀಸದ ಬರಹವನ್ನು ಬದುಕಿರುವವರ ಕಣ್ಣು ಓದಬಾರದೆಂದು ಬರೆದವರೇ ತಿರುಗಿಸಿದ್ದರು. ಇದ್ದದ್ದನ್ನು ಇದ್ದಂತೆ ತೋರಿಸಬೇಕಾದರೆ ವೆತ್ತೋರೆ ಅದನ್ನು ಇನ್ನೊಮ್ಮೆ ತಿರುಗಿಸಬೇಕಿತ್ತು. “ಅರ್ಧ ಕೆಲಸ ಅವರೇ ಮಾಡಿಟ್ಟಿದ್ದಾರೆ,” ಎಂದು ನಕ್ಕು, ರಸ್ತೆಯ ಚಿತ್ರದ ಕೆಳಮೂಲೆಯಲ್ಲಿ ಕಂಡದ್ದನ್ನು ಕಂಡಂತೆಯೇ ಕೊರೆದ. ಆಮ್ಲ ತಾಮ್ರವನ್ನು ಕಚ್ಚಿ ಸುಯ್ಯೆಂದಿತು.

ಮೊದಲ ಪ್ರತಿಯನ್ನು ಪಾಸ್ಕುವಾ ಒಣಹಾಕಲು ಎತ್ತಿ ಹಿಡಿದಳು. ಒದ್ದೆ ಕಾಗದದಲ್ಲಿ ಕರಿಗಲ್ಲಿನ ರಸ್ತೆ, ಸಾಲು ಸಮಾಧಿಗಳು. ಮೂಲೆಯಲ್ಲಿ ಆ ಬರಹ, ನೆಟ್ಟಗೆ, ಓದಲು ಬರುವಂತೆ.

ಅವಳು ಮಠದ ಹುಡುಗಿಯಂತೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. “ನನ್ನ ಕೂಸಿನ ಉಸಿರು ತೆಗೆದವರು, ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಒಡೆಯರಾಗಲಿ, ಈ ಸೀಸದಂತೆ ಅವರ ನಾಲಿಗೆ ತಣ್ಣಗಾಗಲಿ. ಮೈ ಭಾರವಾಗಲಿ. ಎದೆ ನಿಲ್ಲಲಿ.”

ಬೀದಿಯ ಗಾಡಿಗಳ ಸದ್ದು ಒಮ್ಮೆಗೇ ನಿಂತಂತಾಯಿತು. ಪಾಸ್ಕುವಾ ಕಾಗದವನ್ನು ಕೆಳಗಿಟ್ಟಳು.

“ಯಾರೋ ತಾಯಿ ಬರ್ದಿದ್ದು,” ಎಂದಳು. ಮಸಿ ಹತ್ತಿದ ಬೆರಳು ಒರೆಸಿಕೊಳ್ಳುತ್ತ, “ವೆತ್ತೋರೆ, ನಿಂಗೆ ಒಂದು ಮಾತು ಹೇಳಿಲ್ಲ ನಾನು. ಅವತ್ತು ಕೂಸು ನನ್ನ ತೋಳಿನ ಕೆಳಗಿತ್ತು. ನಂಗೆ ನಿದ್ದೆ ಹತ್ತಿಬಿಡ್ತು. ಎದ್ದಾಗ ಅದರ ಮುಖದ ಮೇಲೆ ನನ್ನ ತೋಳಿತ್ತು.”

“ಬಿಡು. ಜ್ವರ ಬಂದಿತ್ತು ಅಂತ ವೈದ್ಯರೇ ಹೇಳಿದ್ರಲ್ಲ.”

“ಅವರು ನೋಡಿರಲಿಲ್ಲ. ಓದೋವಾಗ ನನ್ನೊಳಗೆ ಯಾರೋ ಓಗೊಟ್ರು. ಹೌದು, ನಾನೇ ಅಂತ.”

ಅವಳ ಬಾಯಿಂದ ಬಂದ ಕೊನೆಯ ಮಾತು ಅದು.

ಭಾನುವಾರ ಇಗರ್ಜಿಯಲ್ಲಿ ಬಾಯಿ ತೆರೆದಳು. ಏನೂ ಬರಲಿಲ್ಲ. ಪಕ್ಕದ ಹೆಂಗಸು ನೋಡಿದಾಗ ಅವಳ ನಾಲಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಮಂಗಳವಾರ ಕಾಲು ಎತ್ತಲಾಗಲಿಲ್ಲ. ಮಂಚದ ಹಲಗೆ ಅವಳ ಭಾರಕ್ಕೆ ಕಿರುಗುಟ್ಟಿತು. ಬೆರಳು, ಮೊಣಕೈ, ಭುಜ, ಒಂದೊಂದಾಗಿ ತಣ್ಣಗಾದವು. ಗುರುವಾರ ವೆತ್ತೋರೆ ಅವಳ ಎದೆಗೆ ಕಿವಿಯಿಟ್ಟ. ಒಳಗಿನ ಬಡಿತ ದೂರದ ಗುಡ್ಡದಾಚೆಯ ಗಂಟೆಯಂತೆ ಕೇಳಿತು.

ಅವನು ತಾಮ್ರದ ತಗಡಿನ ಮೇಲಿನ ಅಕ್ಷರಗಳನ್ನೆಲ್ಲ ಕೆರೆದು ಹಾಕಿದ. ಪ್ರತಿಗಳನ್ನು ಸುಟ್ಟ. ಕತ್ತೆಗಾಡಿ ಗೊತ್ತುಮಾಡಿ, ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ, ಸೀಸವನ್ನೂ ಮೊಳೆಯನ್ನೂ ಜೊತೆಗಿಟ್ಟುಕೊಂಡು, ಆಪ್ಪಿಯಾ ರಸ್ತೆಗೆ ಓಡಿದ.

“ಈಗ ನಗು ಎಲ್ಲೋಯ್ತು?” ಎಂದಳು ಅಜ್ಜಿ. ಗಾಡಿಯೊಳಗೆ ಇಣುಕಿ ನೋಡಿದ ಮೇಲೆ ಅವಳ ದನಿ ಇಳಿಯಿತು. “ಅಯ್ಯೋ ಮಗಳೇ, ನೀನಾ ಓದಿದ್ದು?”

“ಏನ್ಮಾಡ್ಲಿ ಅಜ್ಜಿ? ಕಾಲಿಗೆ ಬೀಳ್ತೀನಿ.”

“ನನ್ನ ಕಾಲು ಹಿಡಿದು ಏನಾಗ್ಬೇಕು? ಮೊಳೆ ಇದ್ದ ಹಾಗೇ ಚುಚ್ಚು. ಕೂಸಿನ ಕೈಗೇ ಕೊಡು. ಪಾಪ, ತಾಯಿ ಕೊಟ್ಟಿದ್ದೊಂದೇ ಅದರ ಹತ್ರ ಇದ್ದಿದ್ದು, ಅದನ್ನೂ ಕಿತ್ಕೊಂಡೆ ನೀನು.” ಮತ್ತೆ ಮೆಲ್ಲಗೆ, “ಜೀವ ಉಳಿದೀತು. ದನಿ ಮಾತ್ರ ವಾಪಸ್ ಬರತ್ತೆ ಅಂತ ಆಸೆ ಇಟ್ಕೋಬೇಡ. ಸುಮ್ಮನೆ ಹೇಳ್ಬಾರ್ದು.”

ವೆತ್ತೋರೆ ಸೀಸವನ್ನು ಮತ್ತೆ ಸುರುಳಿ ಸುತ್ತಿ ಮೊಳೆ ಚುಚ್ಚಿದ. ನಡುಮಧ್ಯಾಹ್ನ. ಆದರೂ ಸಮಾಧಿಯೊಳಗೆ ಮೂರು ಹೆಜ್ಜೆಗೆ ಬೆಳಕು ಸತ್ತಿತು. ಗಾಡಿಯಲ್ಲೇ ಇರಲು ಪಾಸ್ಕುವಾ ಒಪ್ಪಲಿಲ್ಲ. ಕಣ್ಣಿನಲ್ಲೇ ಹಟ ಹಿಡಿದಳು. ಅವನು ಅವಳನ್ನು ಹೊತ್ತು ತಂದು ಗೋಡೆಗೆ ಒರಗಿಸಿದ. ಕೈದೀಪ ಹಚ್ಚಿದ. ಮಣ್ಣಿನ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.

ಆಮೇಲೆ ಹಾಡು.

ಗೂಡಿನ ಒಳಗಿಂದ ಬರುತ್ತಿತ್ತು. ಬಸ್ಸಾನೊ ಕಡೆಯ ಜೋಗುಳ. ಅದು ಪಾಸ್ಕುವಾಳ ದನಿ. ವೆತ್ತೋರೆ ತಿರುಗಿ ನೋಡಿದ. ಅವಳ ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ತುಂಬಿ ಹರಿಯುತ್ತಿತ್ತು.

“ತಗೋ ಕಂದಾ,” ಎಂದ ಅವನು. “ನಿಂದೇ ಇದು. ತಪ್ಪಾಯ್ತು. ತಗೋ.”

ಕೈ ಚಾಚಿದ. ಕತ್ತಲು. ಇನ್ನೂ ಚಾಚಿದ. ಧೂಳು. ಮೂಳೆ. ಹಾಡು ತಟ್ಟನೆ ನಿಂತಿತು. ದೀಪ ಆರಿತು. ಏನೋ ಅವನ ಮಣಿಕಟ್ಟು ಹಿಡಿಯಿತು. ಐದು ಬೆರಳು. ಅಕ್ಕಿಕಾಳಿನಷ್ಟು ಉಗುರು. ಸೀಸ ಬೇಡ ಅದಕ್ಕೆ. ಅವನು ಬೇಕು. ಎಳೆದ. ಬಿಡಲಿಲ್ಲ. ತಂಪು ಮೇಲೇರಿತು. ಮೊಣಕೈ. ತೋಳು. ಕೂಗಿದ. ಕೂಗು ಹೊರಬರಲಿಲ್ಲ. ಸೀಸ ಜಾರಿ ನೆಲಕ್ಕೆ ಬಿತ್ತು.

ಕಂಬಳಿ ಕಲ್ಲಿಗೆ ಉಜ್ಜುವ ಸದ್ದು. ಪಾಸ್ಕುವಾ ಬರುತ್ತಿದ್ದಳು. ಮೊಣಕೈಯೂರಿ, ತನ್ನ ಭಾರವನ್ನೇ ತಾನು ಎಳೆದುಕೊಂಡು, ಒಂದೊಂದೇ ಗೇಣು. ಅವಳ ಕೈ ಕತ್ತಲಲ್ಲಿ ತಡವಿ ಆ ಪುಟ್ಟ ಮುಷ್ಟಿಯನ್ನು ಹುಡುಕಿತು. ಅವಳು ಕಿತ್ತೆಳೆಯಲಿಲ್ಲ. ನಿದ್ದೆಹೋದ ಕೂಸಿನ ಮುಷ್ಟಿಯಿಂದ ಜಡೆ ಬಿಡಿಸಿಕೊಳ್ಳುವವಳಂತೆ ಒಂದು ಬೆರಳು ಬಿಡಿಸಿ, ಕಾದು, ಇನ್ನೊಂದು ಬಿಡಿಸಿದಳು.

ವೆತ್ತೋರೆಯ ತೋಳು ಮರದ ತುಂಡಿನಂತೆ ಕೆಳಗೆ ಬಿತ್ತು. ಆ ಬಲಗೈ ಮುಂದೆ ಬದುಕಿರುವಷ್ಟು ದಿನ ಕೊರೆಯುವ ಸೂಜಿ ಹಿಡಿಯಲಿಲ್ಲ. ಹನ್ನೆರಡು ಚಿತ್ರಗಳಲ್ಲಿ ನಾಲ್ಕೇ ಮುಗಿದವು.

ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ. ಆರು ತಿಂಗಳಿಂದ ಪಾಸ್ಕುವಾ ಆ ಜೋಗುಳವನ್ನು ಬಾಯಲ್ಲಿ ತಂದಿರಲಿಲ್ಲ. ಈಗ ಗೂಡಿನ ಅಂಚಿಗೆ ಕೆನ್ನೆಯಿಟ್ಟು ತನ್ನದೇ ದನಿಯನ್ನು ಕೇಳಿದಳು. ಅವಳ ಎದೆಯಿಂದ ಉದ್ದನೆಯ ಉಸಿರೊಂದು ಬಿಸಿಯಾಗಿ ಹೊರಬಂತು. ಪಕ್ಕದಲ್ಲಿದ್ದ ವೆತ್ತೋರೆಯ ಕೆನ್ನೆಗೆ ಅದು ತಾಗಿತು.

“ಕೇಳು ಪಾಸ್ಕುವಾ,” ಎಂದು ಅವನು ಪಿಸುಗುಟ್ಟಿದ. “ನಿನ್ನ ದನಿನ ವಾಪಸ್ ಕೇಳು. ಕೊಡು ಅಂತ ಕೇಳು.”

ಅವಳು ಬೇಡವೆಂದು ತಲೆಯಾಡಿಸಿದಳು.

ನೆಲದ ಮೇಲೆ ತಡವಿ ಸೀಸದ ಸುರುಳಿಯನ್ನು ಎತ್ತಿಕೊಂಡಳು. ಸೆರಗಿನಂತೆ ಹೊದ್ದ ಕಂಬಳಿಯ ತುದಿಯಿಂದ ಅದರ ಧೂಳು ಒರೆಸಿದಳು. ಹಾಡಿನ ಕೊನೆಯ ಸಾಲು ಮುಗಿಯುವವರೆಗೂ ಕಾದಳು. ಆಮೇಲೆ ಸದ್ದಾಗದಂತೆ ಅದನ್ನು ಕೂಸಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.